ಬಟ್ಟೆಯ ಇನ್ನೊಂದು ಅರ್ಧ

ಆ ಕಾಗದ ಬಂದಿತ್ತು. ಬಂದಿಲ್ಲ ಎಂದು ಹೇಳಿದವಳು ನಾನು. ಒಂದು ಸಲವಲ್ಲ, ಎರಡು ಸಲ ಹೇಳಿದೆ. ಎರಡನೆಯ ಸಲ ಹೇಳುವಾಗ ಅದು ನನ್ನ ಕೈಚೀಲದಲ್ಲಿ, ನನ್ನ ಕಾಲ ಬುಡದಲ್ಲೇ ಇತ್ತು. ಕೇಳುತ್ತಿದ್ದ ಮನುಷ್ಯನ ತಂದೆ ತೀರಿಕೊಂಡು ಆಗ ಮೂರು ಗಂಟೆಯೂ ಆಗಿರಲಿಲ್ಲ.

ಇದಾಗಿ ಇಪ್ಪತ್ತು ವರ್ಷ ಕಳೆದಿದೆ. ನಾನು ಕ್ರೈಸ್ತಳು, ಪ್ರತಿ ವರ್ಷ ಈಸ್ಟರ್‌ಗೆ ಮೊದಲು ಪಾಪನಿವೇದನೆಗೆ ಮೊಣಕಾಲೂರಿದ್ದೇನೆ. ಸಿಟ್ಟು, ಹೊಟ್ಟೆಕಿಚ್ಚು, ಅತ್ತೆಯ ಬಗ್ಗೆ ಆಡಿದ ಮಾತು ಎಲ್ಲವನ್ನೂ ಹೇಳಿದ್ದೇನೆ. ಇದೊಂದನ್ನು ಮಾತ್ರ ಪ್ರತಿ ಸಲವೂ ಸುತ್ತುಬಳಸಿ ಹೋದೆ — ರಸ್ತೆಯ ಹೊಂಡ ಎಲ್ಲಿದೆ ಎಂದು ಗೊತ್ತಿರುವ ಡ್ರೈವರನ ಹಾಗೆ.

ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಅನುಕೂಲವಾಗುವ ಹಾಗೆ ಬರೆದುಬಿಟ್ಟೇನು ಎಂಬ ಹೆದರಿಕೆ ನನಗಿದೆ.

ನನ್ನ ಹೆಸರು ಹಿಲ್ಡಾ. ಊರು ಉಡುಪಿಯ ಹತ್ತಿರ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ದುಡಿದದ್ದು ಇಂಗ್ಲಿಷಿನಲ್ಲಿ. ಕುವೈತಿನ ಶುವೈಖ್‌ನಲ್ಲಿ, ಕಾರು ರಿಪೇರಿಯ ಸಾಲು ಅಂಗಡಿಗಳ ಹಿಂದೆ, ಬಟ್ಟೆ ತರಿಸಿ ಮಾರುವ ಒಂದು ಸಂಸ್ಥೆ ಇತ್ತು. ಅಲ್ಲಿ ನಾನು ಸೆಕ್ರೆಟರಿ. ಟೈಪಿಂಗ್, ಫ್ಯಾಕ್ಸ್, ಫೈಲು, ಮತ್ತು ಸ್ಯಾಂಪಲ್ ಕಪಾಟಿನ ಬೀಗದ ಕೈ. ಸಂಸ್ಥೆಯ ಯಜಮಾನರನ್ನು ನಾವೆಲ್ಲ ಹಜ್ಜಿ ಎನ್ನುತ್ತಿದ್ದೆವು. ವಯಸ್ಸಾದವರು, ಮೆದು ಮಾತಿನವರು.

ಆ ಕಪಾಟಿನ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ಇರಾಕಿನ ಆಕ್ರಮಣದಲ್ಲಿ ನಾವು ಎಲ್ಲವನ್ನೂ ಬಿಟ್ಟು ಊರಿಗೆ ಓಡಿದ್ದೆವು. ಯುದ್ಧ ಮುಗಿದು ಮರಳಿ ಬಂದಾಗ ಆಫೀಸಿನ ಬಾಗಿಲಿರಲಿಲ್ಲ. ಗೋದಾಮು ಸುಟ್ಟಿತ್ತು. ಒಳಗೆ ನೆಲದ ಮೇಲೆ ಹಜ್ಜಿ ಕೂತಿದ್ದರು. ಅವರ ಎದುರು, ಹಾಂಗ್‌ಕಾಂಗಿನ ಗಿರಣಿಯಿಂದ ನಮಗೆ ಬಟ್ಟೆ ಕೊಡಿಸುತ್ತಿದ್ದ ಮಿಸ್ಟರ್ ಶೆನ್. ಕಪಾಟನ್ನು ಯಾರೋ ಒಡೆದು ಲಕೋಟೆಗಳನ್ನೆಲ್ಲ ಚೆಲ್ಲಿದ್ದರು. ಅಂಗೈಯಗಲದ ಬಟ್ಟೆಯ ತುಂಡುಗಳು, ನೂರಾರು, ಬೂಟಿನ ಗುರುತು ಬಿದ್ದವು. ಇಬ್ಬರೂ ಅವನ್ನು ಒಂದೊಂದಾಗಿ ಹೆಕ್ಕಿ, ಮಣ್ಣು ಕೊಡವಿ, ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ನಾನೂ ಕೂತು ಹೆಕ್ಕಿದೆ. ಅಂದು ಮಿಸ್ಟರ್ ಶೆನ್ ನನಗೆ ಆ ಕಥೆ ಹೇಳಿದರು.

ಅವರ ತಂದೆಗೆ ಶಾಂಘೈಯಲ್ಲಿ ನೇಯ್ಗೆಯ ಗಿರಣಿ ಇತ್ತು. ದೊಡ್ಡ ಯುದ್ಧ ಮುಗಿದು, ಅವರ ದೇಶದಲ್ಲಿ ಆಳುವವರು ಬದಲಾದಾಗ, ಎರಡು ಪೆಟ್ಟಿಗೆ ಹಿಡಿದು ಹಾಂಗ್‌ಕಾಂಗ್‌ಗೆ ಬಂದರು. ಅಲ್ಲಿ ನಾಲ್ಕು ಮಗ್ಗ ಹಾಕಿದರು. ನೇಯ್ದದ್ದನ್ನು ಕೊಳ್ಳುವವರು ಬೇಕಲ್ಲ? ಸ್ಯಾಂಪಲ್ ಪೆಟ್ಟಿಗೆ ಹೊತ್ತು ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಹೋಗುತ್ತ ಕುವೈತಿಗೆ ಬಂದಿಳಿದರು. ಎಣ್ಣೆಯ ಸಂಪತ್ತು ಆಗಷ್ಟೇ ಈ ಊರಿಗೆ ಬರತೊಡಗಿತ್ತು. ಸೂಕ್‌ನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಹಜ್ಜಿಯ ಚಿಕ್ಕ ಅಂಗಡಿಯ ಮುಂದೆ ಮೂರು ದಿನ ಕೂತರು. ಇವರಿಗೆ ಅರಬ್ಬಿ ಬಾರದು, ಅವರಿಗೆ ಚೀನೀ ಬಾರದು. ಮೂರನೆಯ ದಿನ ಹಜ್ಜಿ ಒಂದು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸಿದರು. ಹಿರಿಯ ಶೆನ್ ಕತ್ತರಿ ತೆಗೆದು ಆ ತುಂಡನ್ನು ನಡುವೆ ಕತ್ತರಿಸಿದರು. ನೇರವಾಗಿ ಅಲ್ಲ, ಡೊಂಕುಡೊಂಕಾಗಿ, ಹೊಳೆಯ ದಂಡೆಯ ಹಾಗೆ. ಅರ್ಧ ಹಜ್ಜಿಯ ಕೈಗೆ ಕೊಟ್ಟು, ಅರ್ಧ ತಾವಿಟ್ಟುಕೊಂಡು ಹೋದರು. ತಿಂಗಳುಗಳ ಮೇಲೆ ಬಟ್ಟೆಯ ಬೇಲು ಬಂತು, ಮೇಲೆ ಆ ಅರ್ಧ ತುಂಡು ಹೊಲಿದಿತ್ತು. ಎರಡನ್ನೂ ಕೂಡಿಸಿದರೆ ಅಂಚಿಗೆ ಅಂಚು, ಬಣ್ಣಕ್ಕೆ ಬಣ್ಣ.

ಅಂದಿನಿಂದ ಅದೇ ಅವರ ಕರಾರು. ಬರೆದ ಕಾಗದವಿಲ್ಲ. ಮಾಲು ಬಂದಾಗ ನಮ್ಮ ಕಪಾಟಿನ ತುಂಡಿನೊಂದಿಗೆ ಹಿಡಿದು ನೋಡುವುದು. ಜಗಳ ಬಂದರೆ ಹಾಂಗ್‌ಕಾಂಗಿನ ತುಂಡು ತರಿಸಿ ಅಂಚು ಕೂಡಿಸುವುದು. ಆ ಕೊನೆಯದು ಒಮ್ಮೆಯೂ ಬೇಕಾಗಿರಲಿಲ್ಲ.

ಹಿರಿಯ ಶೆನ್‌ಗೆ ಮೂವರು ಗಂಡುಮಕ್ಕಳು. ದೊಡ್ಡವನು ಗಿರಣಿಯಲ್ಲಿ. ಎರಡನೆಯವನನ್ನು ಆಫ್ರಿಕಾದ ಒಂದು ಬಂದರಿಗೆ ಕಳಿಸಿದರು. ಮೂರನೆಯವನನ್ನು ಹದಿನೈದನೆಯ ವಯಸ್ಸಿಗೇ ಹಜ್ಜಿಯ ಮನೆಗೆ ತಂದುಬಿಟ್ಟರು — ಅಲ್ಲೇ ಉಂಡು, ಅಲ್ಲೇ ಮಲಗಿ, ಅರಬ್ಬಿ ಕಲಿಯಲಿ ಎಂದು. ಅವರೇ ನಮ್ಮ ಮಿಸ್ಟರ್ ಶೆನ್. ಅಂದು ನೆಲದ ಮೇಲೆ ಕೂತು ಅವರು ನಕ್ಕಿದ್ದರು: “ಸಿಸ್ಟರ್, ನಾನೂ ಒಂದು ಸ್ಯಾಂಪಲ್ ಪೀಸ್. ಅಪ್ಪ ನನ್ನನ್ನೂ ಅರ್ಧ ಕತ್ತರಿಸಿ ಹಜ್ಜಿಯ ಕಪಾಟಿನಲ್ಲಿ ಇಟ್ಟುಹೋದ.”

ಹಜ್ಜಿ ಅದನ್ನು ಕೇಳಿ ಅರಬ್ಬಿಯಲ್ಲಿ ಬೈದರು, ಪ್ರೀತಿಯಿಂದ. ಕುವೈತಿಗೆ ಮಾಲು ಕಳಿಸಲು ಲೋಕವೆಲ್ಲ ಹಿಂದೇಟು ಹಾಕುತ್ತಿದ್ದ ಆ ವರ್ಷ, ಮೊದಲ ಬೇಲುಗಳನ್ನು ಕಳಿಸಿದವರು ಶೆನ್‌ಗಳು. ಒಂದು ಚೀಟಿಯನ್ನೂ ಕೇಳಲಿಲ್ಲ.

ಇನ್ನು ನನ್ನ ಕೆಲಸದ ವಿಷಯ.

ಮರಳಿ ಬಂದ ಕೆಲವು ವರ್ಷಗಳಲ್ಲಿ ಹಜ್ಜಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು. ಕುರ್ಚಿಗೆ ಮಗ ಬಂದ. ಅವನನ್ನು ನಾವು ಮುದೀರ್ ಎನ್ನುತ್ತಿದ್ದೆವು, ಮ್ಯಾನೇಜರ್ ಎಂದು. ಹೊರದೇಶದಲ್ಲಿ ಓದಿದವನು. ಬಟ್ಟೆಯ ತುಂಡುಗಳನ್ನು ಕಂಡರೆ ಅವನಿಗೆ ನಗು. “ಇದೇನು, ದರ್ಜಿ ಅಂಗಡಿಯಾ?” ಎನ್ನುತ್ತಿದ್ದ. ಒಂದು ಹಡಗಿನ ದಾಖಲೆ ಕಳೆದುಹೋದದ್ದಕ್ಕೆ ಹನ್ನೆರಡು ವರ್ಷದ ಹಳೆಯ ಗುಮಾಸ್ತನನ್ನು ಒಂದೇ ವಾರದಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿ ಊರಿಗೆ ಹಾಕಿಸಿದ್ದ, ನಮ್ಮ ಕಣ್ಣೆದುರೇ. ಆ ಮನುಷ್ಯ ತನ್ನ ಮಕ್ಕಳ ಶಾಲೆಯ ಪುಸ್ತಕಗಳನ್ನು ನನ್ನ ಮಕ್ಕಳಿಗೆ ಕೊಟ್ಟುಹೋಗಿದ್ದ. ಆ ಪುಸ್ತಕಗಳು ನಮ್ಮ ಮನೆಯ ಮೇಜಿನ ಮೇಲೇ ಇದ್ದವು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಾನು ಹೆದರುತ್ತಿದ್ದುದು ಯಾವುದಕ್ಕೆ ಎಂದು ತಿಳಿಯಲಿ ಎಂದು ಹೇಳಿದೆ.

ಒಂದು ಜೂನ್ ತಿಂಗಳಲ್ಲಿ ದೊಡ್ಡ ಕೆಲಸ ಬಂತು. ಮೀನಾ ಅಬ್ದುಲ್ಲಾದ ಕಡೆ ಕೆಲಸಗಾರರನ್ನು ಒದಗಿಸುವವರೊಬ್ಬರಿಗೆ ಸಮವಸ್ತ್ರದ ಬಟ್ಟೆ. ಬೂದು ಬೆರೆತ ನೀಲಿ. ಮಿಸ್ಟರ್ ಶೆನ್ ನನ್ನ ಮೇಜಿನ ಮೇಲೆಯೇ ತುಂಡನ್ನು ಹರಡಿ, ತಂದೆಯ ಹಾಗೆ ಡೊಂಕಾಗಿ ಕತ್ತರಿಸಿದರು. ತಮ್ಮ ಅರ್ಧವನ್ನು ಜೇಬಿಗಿಟ್ಟರು. ಖಾಲಿ ಲಕೋಟೆಯ ಬಾಯಿಗೆ ತಮ್ಮ ಕೆಂಪು ಮೊಹರು ಒತ್ತಿ ನನ್ನ ಕಡೆ ಸರಿಸಿದರು.

“ನೀವು ಹಾಕಿ ಮುಚ್ಚಿ, ಸಿಸ್ಟರ್. ನನಗೆ ಪೋಸ್ಟ್ ಹಿಡಿಯಬೇಕು. ಯಲ್ಲಾ.”

ಮುಚ್ಚುವ ಮೊದಲೇ ಮೊಹರು ಒತ್ತಿ ಕೊಟ್ಟರು. ಅಷ್ಟು ನಂಬಿಕೆ.

ಅವರು ಹೋದ ಮೇಲೆ ನಾನು ಲೇಬಲ್ ಬರೆಯಲು ಕೂತೆ. ಮೊಣಕೈ ತಾಗಿ ಸುಲೈಮಾನಿಯ ಗ್ಲಾಸು ಉರುಳಿತು. ಸಕ್ಕರೆ ಹಾಕಿದ ಕರಿ ಚಹಾ ಇಡೀ ತುಂಡಿನ ಮೇಲೆ.

ನಮ್ಮ ಕಡೆಯ ಹೆಂಗಸರಿಗೆ ಕಲೆಯ ವಿಷಯದಲ್ಲಿ ಯೋಚನೆ ಇರುವುದಿಲ್ಲ, ಕೈ ತಾನೇ ಹೋಗುತ್ತದೆ. ಒಣಗುವ ಮೊದಲು ತೊಳೆ ಎಂದು ಅಮ್ಮ ಹೇಳಿದ್ದು. ಓಡಿ ಆಫೀಸಿನ ಅಡುಗೆಕೋಣೆಯ ಸಿಂಕಿನಲ್ಲಿ ಸೋಪಿನ ಪುಡಿ ಹಾಕಿ ಉಜ್ಜಿದೆ. ಹೋಗಲಿಲ್ಲ. ಸಿಂಕಿನ ಕೆಳಗೆ ನೆಲ ತೊಳೆಯುವ ಬ್ಲೀಚ್ ಇತ್ತು. ಒಂದು ಮುಚ್ಚಳ ಹಾಕಿದೆ. ಕಲೆ ಹೋಯಿತು. ಹಿತ್ತಲಿನ ಬಿಸಿಲಿನಲ್ಲಿ ಸಂಜೆಯ ತನಕ ಹಾಕಿದೆ. ಜೂನಿನ ಕುವೈತಿನ ಬಿಸಿಲು. ಮನೆಗೆ ಒಯ್ದು ಇಸ್ತ್ರಿ ಮಾಡಿ, ಮರುದಿನ ಲಕೋಟೆಗೆ ಹಾಕಿ, ಮುಚ್ಚಿದೆ.

ಬಣ್ಣ ಇಳಿದದ್ದು ಕಂಡಿರಲಿಲ್ಲವೇ? — ಇಪ್ಪತ್ತು ವರ್ಷ ನನಗೆ ನಾನೇ ಕಂಡಿರಲಿಲ್ಲ ಎಂದು ಹೇಳಿಕೊಂಡೆ. ಕಂಡಿತ್ತು. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಕಂಡಿತ್ತು. ನೀಲಿ ಹೋಗಿ ಬೂದು ಉಳಿದ ಹಾಗೆ. ತೇವ ಇರಬಹುದು, ಒಣಗಿದರೆ ಸರಿಹೋದೀತು ಎಂದುಕೊಂಡೆ. ಬಟ್ಟೆ ಒಣಗಿದರೆ ಬಣ್ಣ ತಿಳಿಯಾಗುತ್ತದೆಯೇ ಹೊರತು ಗಾಢವಾಗುವುದಿಲ್ಲ. ಅದು ನನಗೆ ಗೊತ್ತಿತ್ತು.

ಅಂದೇ ಹೇಳಿದ್ದರೆ ಇನ್ನೊಂದು ತುಂಡು ಕತ್ತರಿಸುತ್ತಿದ್ದರು. ಐದು ನಿಮಿಷದ ಕೆಲಸ.

ಚಳಿಗಾಲದ ಮೊದಲಲ್ಲಿ ಮಾಲು ಬಂತು. ಮುದೀರ್ ಮೊದಲ ಸಲ ತಾನೇ ಕಪಾಟಿನಿಂದ ಲಕೋಟೆ ತರಿಸಿ, ನಮ್ಮೆಲ್ಲರ ಎದುರು ಒಡೆದು, ಬೇಲಿನ ಬಟ್ಟೆಯ ಮೇಲಿಟ್ಟ. ನಾನು ನೋಡಲಿಲ್ಲ. ಕರುಣಾಕರಣ್ಣನ ಮುಖ ನೋಡಿದೆ.

ಕರುಣಾಕರಣ್ಣ ನಮ್ಮ ಸ್ಟೋರ್‌ಕೀಪರ್, ಪೋಸ್ಟ್ ಬಾಕ್ಸಿನಿಂದ ಟಪಾಲು ತರುವವರೂ ಅವರೇ. ಕಾಪು ಕಡೆಯ ತುಳುವರು. ನನ್ನನ್ನು ಬಾಯಮ್ಮ ಎನ್ನುತ್ತಿದ್ದರು, ಊರಿನಲ್ಲಿ ನಮ್ಮವರನ್ನು ಕರೆಯುವ ಹಾಗೆ. ಅವರು ಮೆಲ್ಲಗೆ ಅಂದರು, “ದೇವರೇ, ಇದೆಂತದು ಬಾಯಮ್ಮ? ಒಂದು ಆಕಾಶ, ಒಂದು ಬೂದಿ.”

ಮುದೀರ್ ಕೂಗಲಿಲ್ಲ. ನಗುತ್ತ, ಬಹಳ ತಣ್ಣಗೆ ಹೇಳಿದ: “ಮಿಸ್ಟರ್ ಶೆನ್, ನಲವತ್ತು ವರ್ಷ ನನ್ನ ತಂದೆಯನ್ನು ಹೀಗೆಯೇ ಮರುಳು ಮಾಡಿದಿರಾ?”

ಮಿಸ್ಟರ್ ಶೆನ್‌ರ ಕಿವಿಗಳು ಕೆಂಪಾದವು. ಅವರು ಅಂದರು: “ಹಾಂಗ್‌ಕಾಂಗಿನ ಅರ್ಧ ತರಿಸುತ್ತೇನೆ. ಅದು ಬರಲಿ.”

“ಬರಲಿ. ಅಲ್ಲಿಯವರೆಗೆ ನಿಮ್ಮ ಪಾಸ್‌ಪೋರ್ಟ್ ನನ್ನ ಪೆಟ್ಟಿಗೆಯಲ್ಲಿರುತ್ತದೆ.”

ಹೊರಗಿನವರಿಗೆ ಇಲ್ಲಿ ಇರಲು ಒಬ್ಬ ಕಫೀಲ್ ಬೇಕು — ನಮ್ಮ ಹೊಣೆ ಹೊತ್ತ ಸ್ಥಳೀಯ. ಶೆನ್‌ಗೂ ನನಗೂ ನನ್ನ ಗಂಡ ವಲೇರಿಯನ್‌ಗೂ ಕಫೀಲ್ ಒಬ್ಬರೇ. ನಮ್ಮೆಲ್ಲರ ಪಾಸ್‌ಪೋರ್ಟ್‌ಗಳು ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ವಲೇರಿಯನ್ ಅದೇ ಸಂಸ್ಥೆಯ ಲಾರಿ ವಿಭಾಗದಲ್ಲಿದ್ದರು. ನಾನು ಒಂದು ಮಾತು ಹೇಳಿದರೆ ನಾಲ್ಕು ಜನರ ನೆಲ ಜಾರುತ್ತದೆ ಎಂದು ಲೆಕ್ಕ ಹಾಕಿದೆ. ಹೇಳದಿದ್ದರೆ ಜಾರುವ ಒಬ್ಬರ ನೆಲವನ್ನು ಆ ಲೆಕ್ಕದಲ್ಲಿ ಸೇರಿಸಲಿಲ್ಲ.

ಆ ವಾರವೇ ಹಾಂಗ್‌ಕಾಂಗಿನಿಂದ ಶೆನ್‌ರ ಅಣ್ಣನ ಫ್ಯಾಕ್ಸ್: ಅಪ್ಪ ಆಸ್ಪತ್ರೆಯಲ್ಲಿ. ನಿನ್ನನ್ನು ಕೇಳುತ್ತಿದ್ದಾರೆ. ತುಂಡನ್ನು ಇಂದೇ ಏರ್‌ಮೇಲಿನಲ್ಲಿ ಹಾಕಿದ್ದೇನೆ.

ಸಾದಾ ಏರ್‌ಮೇಲ್. ರಿಜಿಸ್ಟರ್ ಮಾಡಿಸಿರಲಿಲ್ಲ. ಅವರ ಕಾಗದಗಳು ಯಾವಾಗಲೂ ಹಾಗೆಯೇ ಬರುತ್ತಿದ್ದವು, ಯಾವಾಗಲೂ ತಲುಪುತ್ತಿದ್ದವು. ಆಸ್ಪತ್ರೆಯ ಗಡಿಬಿಡಿಯಲ್ಲಿ ಅಣ್ಣನಿಗೆ ಬೇರೆ ಹೊಳೆದಿರಲಿಕ್ಕಿಲ್ಲ.

ಮಿಸ್ಟರ್ ಶೆನ್ ಆ ಫ್ಯಾಕ್ಸ್ ಹಿಡಿದು ಮುದೀರ್‌ನ ಕೋಣೆಗೆ ಹೋದರು. ಎರಡು ನಿಮಿಷದಲ್ಲಿ ಹೊರಗೆ ಬಂದರು. ಅಂದಿನಿಂದ ಪ್ರತಿ ಬೆಳಗ್ಗೆ ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ, ಕೋಟು ಹಾಕಿಕೊಂಡು, ಪ್ರಯಾಣಕ್ಕೆ ಹೊರಟವರ ಹಾಗೆ ಕೂರುತ್ತಿದ್ದರು.

ಒಂಬತ್ತನೆಯ ದಿನ ಬೆಳಗ್ಗೆ ಅವರು ಬರುವ ಮೊದಲೇ ಕರುಣಾಕರಣ್ಣ ಟಪಾಲು ತಂದರು. “ಬಾಯಮ್ಮ, ಹಾಂಗ್‌ಕಾಂಗಿನದ್ದು ಉಂಟು ನೋಡಿ. ಪಾಪ, ಆ ಶೆನ್ನಿಗೆ ಬೇಗ ಕೊಡಿ ಮಾರಾಯ್ರೆ.”

ತೆಳ್ಳಗಿನ ಲಕೋಟೆ. ಬೆರಳಿಟ್ಟರೆ ಒಳಗೆ ಬಟ್ಟೆ ತಿಳಿಯುತ್ತಿತ್ತು. ಅದನ್ನು ಎಷ್ಟು ಹೊತ್ತು ಹಿಡಿದಿದ್ದೆನೋ — ಹೊರಗೆ ಯಾರೋ ಕಾರಿನ ಬಾಗಿಲಿಗೆ ಸುತ್ತಿಗೆ ಹೊಡೆಯುತ್ತಿದ್ದರು, ಪ್ರತಿ ಪೆಟ್ಟೂ ನನಗೇ ಬಿದ್ದ ಹಾಗೆ. ಅಂಚು ಕೂಡುತ್ತದೆ. ಬಣ್ಣ ಕೂಡುವುದಿಲ್ಲ. ಹಾಗಾದರೆ ಕೆಟ್ಟದ್ದು ಯಾವ ಅರ್ಧ? ಮಾಲಿನ ಬಣ್ಣವೂ ಈ ಅರ್ಧದ ಬಣ್ಣವೂ ಒಂದೇ ಎಂದು ಕುರುಡನೂ ಹೇಳುತ್ತಾನೆ. ಕಪಾಟಿನ ಬೀಗದ ಕೈ ಯಾರ ಬಳಿ? ಲಕೋಟೆ ಮುಚ್ಚಿದವರು ಯಾರು?

ಕೈಚೀಲಕ್ಕೆ ಹಾಕಿದೆ. ಜಿಪ್ ಎಳೆದೆ.

ಮಿಸ್ಟರ್ ಶೆನ್ ಬಂದು ಕುರ್ಚಿಯಲ್ಲಿ ಕೂತರು. ನಮ್ಮಿಬ್ಬರ ನಡುವಿನ ಭಾಷೆ ಗಲ್ಫಿನ ಹಿಂದಿ, ಇಬ್ಬರದೂ ಅಲ್ಲದ್ದು.

“ಸಿಸ್ಟರ್, ಚಿಟ್ಠಿ ಆಯಾ?”

“ನಹೀ ಆಯಾ.”

ಅಷ್ಟೇ. ಬಂತಾ ಎಂದರು, ಬಂದಿಲ್ಲ ಎಂದೆ.

ಮಧ್ಯಾಹ್ನ ಊಟಕ್ಕೆ ಹೋಗುವಾಗ ಕರುಣಾಕರಣ್ಣ ಬಾಗಿಲಲ್ಲಿ ನಿಂತು ಕೇಳಿದರು, “ಕೊಟ್ರಾ ಬಾಯಮ್ಮ?” ನಾನು “ಕೊಟ್ಟೆ” ಎಂದೆ. ಆ ಒಂದು ದಿನದಲ್ಲಿ ನಾಲಗೆಗೆ ಎಷ್ಟು ಬೇಗ ರೂಢಿಯಾಯಿತು! ಆಮೇಲೆ ಇಡೀ ಮಧ್ಯಾಹ್ನ ಅವರಿಬ್ಬರೂ ಎಲ್ಲಿ ಮಾತಾಡಿಬಿಡುತ್ತಾರೋ ಎಂದು ಕಾದೆ. ಸ್ಟೋರಿನ ಕಡೆ ಶೆನ್ ನಡೆದರೆ ನಾನು ಏನಾದರೂ ಕಾಗದ ಹಿಡಿದು ಹಿಂದೆಯೇ ಹೋಗುತ್ತಿದ್ದೆ. ಮಾತು ಹವೆಯ ಬಗ್ಗೆ ಇರುತ್ತಿತ್ತು.

ನಾಳೆ ಕೊಡುತ್ತೇನೆ ಎಂದುಕೊಂಡೆ. ತಡವಾಗಿ ಬಂತು ಎಂದು ಹೇಳಿ ಕೊಟ್ಟರಾಯಿತು. ಅಂಚೆಯ ಮುದ್ರೆಯ ದಿನಾಂಕ ನೋಡಿದೆ. ಒಂದೆರಡು ದಿನ ಹೆಚ್ಚು ಕಡಿಮೆ ಯಾರಿಗೂ ತಿಳಿಯದು. ನಾಳೆ ಎಂದುಕೊಂಡೇ ಕೈಚೀಲವನ್ನು ಮನೆಗೂ ಆಫೀಸಿಗೂ ಹೊತ್ತೆ. ಅದರಲ್ಲಿ ಮಕ್ಕಳ ಬಿಸ್ಕೆಟ್ ಪೊಟ್ಟಣ, ಜಪಮಾಲೆ, ಮತ್ತು ಅದು.

ಮೂರನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಫ್ಯಾಕ್ಸ್ ಯಂತ್ರ ಕಿರುಗುಟ್ಟಿತು. ಹೊರಗೆ ಬಂದ ಹಾಳೆಯಲ್ಲಿ ಇಂಗ್ಲಿಷಿನ ಒಂದು ಸಾಲು, ಚೀನೀಯಲ್ಲಿ ನಾಲ್ಕು ಸಾಲು. ಇಂಗ್ಲಿಷಿನ ಸಾಲು ನನಗೆ, ಅಂದರೆ ಫ್ಯಾಕ್ಸ್ ತೆಗೆಯುವವರಿಗೆ: ದಯವಿಟ್ಟು ಇದನ್ನು ನನ್ನ ತಮ್ಮನಿಗೆ ನಿಧಾನವಾಗಿ ಕೊಡಿ, ನಮ್ಮ ತಂದೆ ಇಂದು ಮಧ್ಯಾಹ್ನ ತೀರಿಕೊಂಡರು. ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ಬೆಳಗ್ಗೆ.

ನಾನೇ ಕೊಟ್ಟೆ. ಎರಡು ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಓದಿದರು. ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿದರು. ಕರ್ಚೀಫು ತೆಗೆಯಲಿಲ್ಲ, ನೀರು ಕೇಳಲಿಲ್ಲ. ಆಮೇಲೆ ತಲೆಯೆತ್ತಿ, ಅಭ್ಯಾಸದಿಂದ ಎಂಬ ಹಾಗೆ —

“ಸಿಸ್ಟರ್, ಚಿಟ್ಠಿ ಆಯಾ?”

ಆಗ ಕೊಡಬಹುದಿತ್ತು. ಆಗಲಾದರೂ. ಆದರೆ ಆ ಕ್ಷಣ ಕೊಡುವುದೆಂದರೆ, ನಿಮ್ಮ ತಂದೆಯ ಮುಖವನ್ನು ನೀವು ನೋಡದ ಹಾಗೆ ಮಾಡಿದವಳು ನಾನು ಎಂದು ಅವರ ಕಣ್ಣೆದುರು ಹೇಳಿದ ಹಾಗೆ. ಮೊದಲ ಸಲ ಕೆಲಸಕ್ಕೆ ಹೆದರಿದ್ದೆ. ಎರಡನೆಯ ಸಲ ಅವರಿಗೇ ಹೆದರಿದೆ.

“ನಹೀ ಆಯಾ, ಮಿಸ್ಟರ್ ಶೆನ್.”

ಹೆಸರು ಹಿಡಿದು ಹೇಳಿದೆ. ಯಾಕೆ ಹೆಸರು ಸೇರಿಸಿದೆನೋ.

ಇನ್ನೆರಡು ವಾರ ಕಾದು, ಮುದೀರ್ ಮಿಸ್ಟರ್ ಶೆನ್‌ರ ಇಕಾಮಾ ರದ್ದು ಮಾಡಿಸಿ ಪಾಸ್‌ಪೋರ್ಟ್ ಕೊಟ್ಟ. ಖಲಾಸ್ ಎಂದ. ನಮ್ಮ ಕಪಾಟಿನ ಆ ತುಂಡನ್ನು ಮೇಜಿನ ಮೇಲೆ ಎಸೆದು, “ಇದನ್ನೂ ಒಯ್ಯಿರಿ” ಎಂದ. ಅವರು ಅದನ್ನು ನೆಟ್ಟಗೆ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. ಹಜ್ಜಿಯನ್ನು ನೋಡಲು ಹೋಗಿದ್ದರಂತೆ. ಮಾತಿಲ್ಲದ ಹಜ್ಜಿ ಅವರ ಕೈಬೆರಳನ್ನು ಬಿಡಲಿಲ್ಲವಂತೆ. ಇದನ್ನು ಹೇಳಿದ್ದು ಕರುಣಾಕರಣ್ಣ. ನನಗೆ ನೋಡುವ ಧೈರ್ಯ ಎಲ್ಲಿತ್ತು?

ಹೊರಡುವ ಮೊದಲು ಮಿಸ್ಟರ್ ಶೆನ್ ನನ್ನ ಮೇಜಿನ ಬಳಿ ಬಂದರು. ನನ್ನ ಮಕ್ಕಳ ಹೆಸರು ಹಿಡಿದು ಕೇಳಿದರು. ಆಮೇಲೆ ಒಂದು ಮಾತು ಹೇಳಿದರು. ಅವರ ಖಿಚಡಿ ಭಾಷೆಯನ್ನು ಬಿಟ್ಟು, ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಹುಡುಕಿ:

“ಮುದೀರ್ ನಿಮ್ಮ ಮೇಲೂ ಸಂಶಯಪಟ್ಟ, ಸಿಸ್ಟರ್. ನಾನು ಹೇಳಿದೆ, ಲಕೋಟೆ ಮುಚ್ಚಿದವರು ಈಕೆ, ಹಾಗಾಗಿ ಆ ತುಂಡು ಸರಿಯಾದದ್ದೇ. ಹಾಗಾದರೆ ತಪ್ಪು ನಮ್ಮ ಕಡೆಯದು. ಗಿರಣಿ ಅಣ್ಣನ ಕೈಯಲ್ಲಿದೆ. ಕಾಗದ ಹಾಕಿದ್ದೇನೆ ಎಂದು ಸುಳ್ಳು ಹೇಳಿದ. ಅಪ್ಪ ಸಾಯುತ್ತಿರುವಾಗ ಸುಳ್ಳು ಹೇಳಿದ.”

ಮೇಜಿನ ಮೇಲೆ ಸುಲೈಮಾನಿಯ ಗ್ಲಾಸು ಇತ್ತು, ಅದನ್ನೇ ನೋಡುತ್ತಿದ್ದೆ.

ಅವರು ಹೋದರು. ಶುವೈಖ್‌ನ ಆ ಕಪಾಟನ್ನು ಮುದೀರ್ ಖಾಲಿ ಮಾಡಿಸಿದ.

ಕರುಣಾಕರಣ್ಣ ಕೆಲವು ವರ್ಷಗಳ ಮೇಲೆ ಕೆಲಸ ಬಿಟ್ಟು ಊರಿಗೆ ಹೋದರು. ಬೀಳ್ಕೊಡುವ ದಿನ ನಾನು ಮಾಡಿ ತಂದಿದ್ದ ಕೇಕಿನ ತುಂಡನ್ನು ಕೈಯಲ್ಲಿ ಹಿಡಿದು, ತಿನ್ನದೆ, ಮೆಲ್ಲಗೆ ಅಂದರು: “ಬಾಯಮ್ಮ, ಆ ಕಾಗದದ ವಿಷಯ ಶೆನ್ನಿನ ಹತ್ರ ನಾನು ಕೇಳ್ಲಿಲ್ಲ. ನಂಗೂ ಹೆಂಡ್ತಿ ಮಕ್ಕಳು ಉಂಟಲ್ಲ.” ಎಷ್ಟು ದಿನದಿಂದ ಗೊತ್ತಿತ್ತೋ ಅವರಿಗೆ. ಆಮೇಲೆ ಕೇಕ್ ತಿಂದು ಚೆನ್ನಾಗಿದೆ ಎಂದರು. ನನ್ನ ಹೆದರಿಕೆ ಇನ್ನೊಬ್ಬರಿಗೂ ಅಂಟಿತ್ತು ಎಂದು ಅಂದು ತಿಳಿಯಿತು.

ಆಮೇಲೆ, ಹತ್ತು ವರ್ಷ ದಾಟಿದ ಮೇಲೆ, ಒಬ್ಬ ಹುಡುಗಿ ಆಫೀಸಿಗೆ ಬಂದಳು. ಮೂವತ್ತರ ಒಳಗಿನವಳು, ಸೂಟು, ಲ್ಯಾಪ್‌ಟಾಪ್. ಚೀನಾದ ಹತ್ತಾರು ಕಾರ್ಖಾನೆಗಳ ಮಾಲು ಕೊಡಿಸುವ ಕೆಲಸ ಅವಳದು. ಕಾರ್ಡ್ ನೋಡಿದೆ, ಶೆನ್. ಮುದೀರ್ ಬರುವ ತನಕ ನನ್ನ ಎದುರು ಅದೇ ಕುರ್ಚಿಯಲ್ಲಿ ಕೂತಳು. ನನ್ನ ಅಜ್ಜ ಇಲ್ಲಿಗೆ ಹಡಗಿನಲ್ಲಿ ಬರುತ್ತಿದ್ದನಂತೆ, ನಿಮಗೆ ಗೊತ್ತೇ, ಎಂದು ಕೇಳಿದಳು. ಅಣ್ಣ ಶೆನ್‌ರ ಮಗಳು.

“ನಿಮ್ಮ ಚಿಕ್ಕಪ್ಪ?” ಎಂದೆ.

ಪಿನಾಂಗ್‌ನಲ್ಲಿದ್ದಾರೆ, ಒಂದು ಹೊಲಿಗೆ ಸಾಮಾನಿನ ಅಂಗಡಿ, ಎಂದಳು. ಅಪ್ಪನೂ ಚಿಕ್ಕಪ್ಪನೂ ಅಜ್ಜ ಹೋದ ವರ್ಷದಿಂದ ಮಾತಾಡಿರಲಿಲ್ಲ. ಯಾವುದೋ ಬಟ್ಟೆಯ ತುಂಡಿನ ಜಗಳ, ತಮಾಷೆ ಅಲ್ಲವೇ? ಅಪ್ಪ ಸಾಯುವಾಗಲೂ ಹೇಳುತ್ತಿದ್ದರು, ನಾನು ಕಾಗದ ಹಾಕಿದ್ದೆ, ನನ್ನ ಕೈಯಾರೆ ಹಾಕಿದ್ದೆ ಎಂದು. ಚಿಕ್ಕಪ್ಪ ಅಂತ್ಯಕ್ರಿಯೆಗೂ ಬರಲಿಲ್ಲ.

ಅವಳು ನಕ್ಕಳು. ನಾನೂ ನಕ್ಕೆ. ಹೌದು, ನಕ್ಕೆ. ಚಹಾ ತರಿಸಿಕೊಟ್ಟೆ. ಪಿನಾಂಗಿನ ವಿಳಾಸವನ್ನು ಹಬ್ಬದ ಕಾರ್ಡ್ ಕಳಿಸುತ್ತೇನೆ ಎಂದು ಸುಳ್ಳು ಹೇಳಿ ಬರೆಸಿಕೊಂಡೆ. ಅಂದು ಹೇಳಿದ್ದರೆ ಒಬ್ಬರಾದರೂ — ಇಲ್ಲ, ಅಣ್ಣನ ಪಾಲಿಗೆ ಅಂದೂ ತಡವಾಗಿತ್ತು. ಹಾಂಗ್‌ಕಾಂಗಿನಲ್ಲಿ ನಾನು ಒಮ್ಮೆಯೂ ನೋಡದ ಒಬ್ಬ ಮನುಷ್ಯ, ಹೇಳದ ಸುಳ್ಳಿನ ಹೆಸರು ಹೊತ್ತು ಸತ್ತಿದ್ದ.

ಆ ವಿಳಾಸ ಬರೆಸಿಕೊಂಡ ಮೇಲೂ ವರ್ಷಗಳು ಕಳೆದವು. ಈಗ ನಾನು ನಿವೃತ್ತಿಯಾಗಿದ್ದೇನೆ. ವಲೇರಿಯನ್ ಇಲ್ಲ, ಹೋಗಿ ನಾಲ್ಕು ವರ್ಷ, ಅವರಿಗೂ ಹೇಳಿರಲಿಲ್ಲ. ಕುವೈತಿನಲ್ಲೇ, ಅಬ್ಬಾಸಿಯಾದ ಫ್ಲ್ಯಾಟಿನಲ್ಲಿ ಮಗಳು ಶರಲ್ ಜೊತೆಗಿದ್ದೇನೆ, ಅವಳ ಇಕಾಮಾದ ಮೇಲೆ. ಮುಂದಿನ ತಿಂಗಳು ಊರಿಗೆ. ನನ್ನ ಪಾಸ್‌ಪೋರ್ಟ್ ಈಗ ನನ್ನ ಕಪಾಟಿನಲ್ಲೇ ಇದೆ. ಇನ್ನು ಯಾರೂ ನನ್ನನ್ನು ಏನೂ ಮಾಡುವ ಹಾಗಿಲ್ಲ. ಆದರೂ ಫೋನ್ ಗಂಟೆ ಹೊಡೆದರೆ ಎದೆ ಹಾರುತ್ತದೆ. ಹೆದರಿಕೆಗೆ ಕಾರಣ ಹೋಗಿದೆ, ಹೆದರಿಕೆ ಹೋಗಿಲ್ಲ.

ಮೊನ್ನೆ ಪೆಟ್ಟಿಗೆ ಕಟ್ಟುತ್ತಿದ್ದೆವು. ಮಕ್ಕಳ ಜ್ಞಾನಸ್ನಾನದ ಸರ್ಟಿಫಿಕೇಟುಗಳನ್ನು ಇಟ್ಟ ಹಳೆಯ ಫೈಲನ್ನು ಶರಲ್ ತೆರೆದಳು. ಅವುಗಳ ನಡುವಿನಿಂದ ಆ ಏರ್‌ಮೇಲ್ ಲಕೋಟೆ ಜಾರಿತು. ಅದರಿಂದ ಬಟ್ಟೆಯ ತುಂಡು ನೆಲಕ್ಕೆ ಬಿತ್ತು. ಬೂದು ಬೆರೆತ ನೀಲಿ. ಬೆಳಕು ಕಾಣದೆ ಅಂದಿನ ಹಾಗೆಯೇ ಇದೆ.

ಅವಳು ಎತ್ತಿ ಮೂಸಿದಳು. ನಾನು ಕನ್ನಡ, ಕೊಂಕಣಿ ಏನು ಆಡಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

“ಮಮ್ಮಾ, ಇಟ್ ಸ್ಮೆಲ್ಸ್. ವಾಶಿಂಗ್ ಮೆಶೀನಿಗೆ ಹಾಕ್ಲಾ?”

ಈ ಒಂದು ಮಾತಿಗೆ ಮಾತ್ರ, ಎಲ್ಲಿಂದಲೋ, ಅವಳ ಬಾಯಿಗೆ ಕನ್ನಡ ಬಂದಿತ್ತು.

“ಬೇಡ!” ಎಂದು ಕಿರುಚಿದೆ. ಅವಳು ಹೆದರಿ ತುಂಡನ್ನು ಬಿಟ್ಟಳು. ನಾನು ಮೊಣಕಾಲೂರಿ ಹೆಕ್ಕಿದೆ. ಅಂದು ಬಾಗಿಲಿಲ್ಲದ ಆಫೀಸಿನ ನೆಲದ ಮೇಲೆ ಹೆಕ್ಕುತ್ತಿದ್ದ ಆ ಇಬ್ಬರು ಕಣ್ಣಿಗೆ ಬಂದರು.

ಯಾಕೆ ಬೇಡ ಎಂದು ಕೇಳಿದಳು. ಉತ್ತರ ಬರೆಯಲು ಮೂರು ದಿನ ಹಿಡಿಯಿತು, ಬರೆದದ್ದು ಇದು. ಇಂಗ್ಲಿಷಿನಲ್ಲಿ ಬರೆದಿದ್ದರೆ ಆಫೀಸಿನ ಪತ್ರದ ಹಾಗೆ ಆಗುತ್ತಿತ್ತು, ವಿಷಾದಿಸುತ್ತೇನೆ, ಅನಾನುಕೂಲಕ್ಕೆ ಕ್ಷಮಿಸಿ ಎಂದು. ಅಂಥ ಪತ್ರಗಳನ್ನು ನಾನು ಸಾವಿರ ಟೈಪ್ ಮಾಡಿದ್ದೇನೆ. ಆದರೆ ಮಿಸ್ಟರ್ ಶೆನ್‌ಗೆ ಕನ್ನಡ ಬಾರದು, ಶರಲ್‌ಗೆ ಕನ್ನಡ ಓದಲು ಬಾರದು. ನಾಳೆ ಶುಕ್ರವಾರ, ಇಲ್ಲಿ ವಾರದ ರಜೆ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ನಾನು ಇದನ್ನು ಒಂದೊಂದೇ ವಾಕ್ಯ ಗಟ್ಟಿಯಾಗಿ ಓದಬೇಕು, ಅವಳು ಇಂಗ್ಲಿಷಿಗೆ ಹಾಕಿ ಟೈಪ್ ಮಾಡಬೇಕು. ಅವಳ ಮುಖ ನೋಡುತ್ತ ಓದಬೇಕು. ಅದಕ್ಕೇ ಹೆಚ್ಚು ಹೆದರಿಕೆ.

ಪಿನಾಂಗಿನಲ್ಲಿ ಅವರಿದ್ದಾರೋ ಇಲ್ಲವೋ ಗೊತ್ತಿಲ್ಲ. ಇದ್ದರೆ, ನನ್ನ ಕೈಯಿಂದ ಬಿಳುಚಿದ ಅರ್ಧ ಅವರ ಬಳಿ ಇದೆ — ಎಸೆದಿರಲಾರರು, ಆ ಮನುಷ್ಯ ಎಸೆಯುವವರಲ್ಲ. ಇದು ತಲುಪಿದ ದಿನ ಅವರು ಎರಡನ್ನೂ ಮೇಜಿನ ಮೇಲಿಟ್ಟು ಕೂಡಿಸುತ್ತಾರೆ. ಅಂಚು ಕೂಡುತ್ತದೆ, ಬಣ್ಣ ಕೂಡುವುದಿಲ್ಲ. ಅಣ್ಣ ಕಾಗದ ಹಾಕಿದ್ದ ಎಂದು ಆಗ ತಿಳಿಯುತ್ತದೆ. ಆ ತಿಳಿವನ್ನು ಹಿಡಿದು ಅವರು ಯಾರ ಬಳಿಗೆ ಹೋಗಬೇಕು ಎಂದು ನನಗೆ ಗೊತ್ತಿಲ್ಲ.

ಲಕೋಟೆ ಸಿದ್ಧ ಮಾಡಿದ್ದೇನೆ. ಈ ಸಲ ರಿಜಿಸ್ಟರ್ ಮಾಡಿಸುತ್ತೇನೆ. ತುಂಡನ್ನು ಒಳಗಿಟ್ಟಿದ್ದೇನೆ, ಇಸ್ತ್ರಿ ಹಾಕಿಲ್ಲ, ಬಾಯಿ ಮುಚ್ಚಿಲ್ಲ. ಶರಲ್ ಎಲ್ಲವನ್ನೂ ಕೇಳಿದ ಮೇಲೆ, ಅವಳ ಎದುರಿಗೇ ಮುಚ್ಚುತ್ತೇನೆ.